ಖಾಲಿ ಬಿಟ್ಟ ಸಾಲು

ಶಹಾಪುರ, 30 ಡಿಸೆಂಬರ್ 2024, ಸೋಮವಾರ

ಎಳ್ಳಮಾಸಿ. ಯಾದಗಿರಿಯಿಂದ ಅಪ್ಪ, ಅವ್ವ, ತಮ್ಮನ ಮನೆಯವರೆಲ್ಲ ಮೊದಲ ಬಸ್ಸಿಗೇ ಬಂದರು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಎಳ್ಳು ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಎರಿಯಲ್ಲಿ ಬಿಳಿಜೋಳ ಎದೆಮಟ್ಟ ನಿಂತಿದೆ. ತಮ್ಮ ಚರಗ ಚೆಲ್ಲುತ್ತ ಹೊಲ ಸುತ್ತಿದ. ಹಿಂದೆ ಹಿಂದೆ ನಾವು ಚರಗದ ಕೂಗು ಕೂಗುತ್ತ ಹೋದೆವು. ಅದರ ಅರ್ಥ ಅಪ್ಪನಿಗೂ ಗೊತ್ತಿಲ್ಲ, ಅಪ್ಪನ ಅಪ್ಪನಿಗೂ ಗೊತ್ತಿರಲಿಲ್ಲವಂತೆ. ಊರಿಗೊಂದು ತರಹ ಕೂಗುತ್ತಾರೆ. ಆದರೂ ಆ ಮಾತು ಇಲ್ಲದೆ ಚರಗ ಚೆಲ್ಲಿದರೆ ಚೆಲ್ಲಿದಂತೆಯೇ ಅಲ್ಲ ಎನ್ನುವುದು ಎಲ್ಲರಿಗೂ ಗೊತ್ತು.

ಉಂಡ ಮೇಲೆ ತಮ್ಮನ ಮಗಳನ್ನು ಬದುವಿನ ಮೇಲೆ ನಿಲ್ಲಿಸಿ ಗುಡ್ಡ ತೋರಿಸಿದೆ. ಆಕೆಗೆ ಆರು ವರ್ಷ.

‘ಬುದ್ಧ ಕಾಣ್ತಾನೇನವ್ವಾ?’

‘ಗುಡ್ಡ ಅದ’ ಎಂದಳು.

ಬೆರಳು ಹಿಡಿದು ಗೆರೆ ಎಳೆಯಿಸಿದೆ. ಇದು ಹಣೆ, ಇದು ಮೂಗು, ಇದು ಗದ್ದ, ಇದು ಎದೆ, ಅಗೋ ಅಲ್ಲಿಗೆ ಕಾಲು. ಒಂದು ಗಳಿಗೆ ಸುಮ್ಮನಿದ್ದು ‘ಮಲಗ್ಯಾನ!’ ಎಂದು ಚೀರಿದಳು. ಆಮೇಲೆ ಮನೆಮಂದಿಗೆಲ್ಲ ತಾನೇ ತೋರಿಸುತ್ತ ಓಡಾಡಿದಳು. ಇನ್ನು ಈ ಜನ್ಮದಲ್ಲಿ ಅವಳಿಗೆ ಅದು ಬರೀ ಗುಡ್ಡವಾಗಿ ಕಾಣಲಾರದು. ನನಗೂ ಅಷ್ಟೆ, ಮೂವತ್ತು ವರ್ಷದ ಹಿಂದೆ ಯಾರೋ ಹೀಗೇ ಬೆರಳು ಹಿಡಿದು ತೋರಿಸಿದ್ದರು. ಬಸ್ಸಿನ ಕಿಟಕಿಯಿಂದ ಬೇಡವೆಂದರೂ ಬುದ್ಧನೇ ಕಾಣುತ್ತಾನೆ.

ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ಅಂದಳು: ‘ನಾ ಸಣ್ಣಾಕಿದ್ದಾಗ ಇಲ್ಲಿ ಬುದ್ಧ ಇದ್ದಿದ್ದಿಲ್ಲವ್ವ. ಗುಡ್ಡ ಇದ್ವು.’ ಇದ್ವು ಎಂದಳು, ಇತ್ತು ಎನ್ನಲಿಲ್ಲ. ಯಾವ ಗುಡ್ಡಕ್ಕೆ ಕಟ್ಟಿಗೆಗೆ ಹೋಗುತ್ತಿದ್ದರು, ಯಾವುದರ ಮಗ್ಗುಲಲ್ಲಿ ಬ್ಯಾಸಿಗ್ಯಾಗೂ ನೀರು ನಿಲ್ಲುತ್ತಿತ್ತು, ಸೀತಾಫಲ ಎಲ್ಲಿ, ದನ ಹತ್ತದ ಕಡಿದು ಯಾವುದು, ಒಂದೊಂದನ್ನೂ ಬೇರೆ ಬೇರೆ ಹೇಳಿದಳು. ನನ್ನ ಕಣ್ಣಿಗೆ ಅಲ್ಲಿ ಒಬ್ಬನೇ ಮಲಗಿದ್ದಾನೆ. ಅವಳ ಕಣ್ಣಿಗೆ ಇನ್ನೂ ಹಲವು ಗುಡ್ಡಗಳಿವೆ. ಬುದ್ಧ ಬಂದದ್ದು ನನಗೆ ಸಂತೋಷವೇ. ಆದರೆ ಅವನು ಬಂದಾಗ ಅವ್ವನ ಗುಡ್ಡಗಳು ನನ್ನ ಪಾಲಿಗೆ ಇಲ್ಲವಾದವು ಎಂಬುದು ಇವತ್ತಿನವರೆಗೂ ಹೊಳೆದಿರಲಿಲ್ಲ.

ಶಹಾಪುರ, 3 ಜನವರಿ 2025, ಶುಕ್ರವಾರ

ಹೆಡ್‌ಮಾಸ್ತರರು ಕರೆದು ಹೇಳಿದರು: 24ಕ್ಕೆ ಎಂಟನೆಯ ತರಗತಿ ಮಕ್ಕಳನ್ನು ವಿಭೂತಿಹಳ್ಳಿಯ ಕಲ್ಲುಗಳಿಗೆ ಕರೆದುಕೊಂಡು ಹೋಗೋಣ, ಮಕ್ಕಳ ಕೈಗೆ ಕೊಡಲು ಒಂದು ಪುಟ ಬರೆದುಕೊಡ್ರಿ, ಕನ್ನಡ ಟೀಚರ್ ನೀವೇ ಬರೆದರೆ ಚಂದ.

ರಾತ್ರಿ ಕೂತೆ. ‘ವಿಭೂತಿಹಳ್ಳಿಯಲ್ಲಿ’ ಎಂದು ಬರೆದು ‘ಇವೆ’ ಎಂದು ಮುಗಿಸಿದೆ. ನಡುವೆ ಏನಿವೆ ಎಂದು ಬರೆಯಬೇಕು, ಆ ಒಂದು ಪದಕ್ಕೆ ನಿಂತುಬಿಟ್ಟೆ.

ಪಠ್ಯದ ಮಾತು ‘ಬೃಹತ್ ಶಿಲಾ ಸಂಸ್ಕೃತಿ’. ಅದನ್ನು ಓದಿದ ಮಕ್ಕಳು ಏನು ತಿಳಿಯುತ್ತಾರೆಂದು ನನಗೆ ಗೊತ್ತು. ಹಳೇ ಶಿಲಾಯುಗ, ಹೊಸ ಶಿಲಾಯುಗ, ಅದರ ಮುಂದಿನದು ದೊಡ್ಡ ಶಿಲಾಯುಗ. ಕಲ್ಲಿನ ಆಯುಧ ದೊಡ್ಡವಾದವು ಎಂದು ಪರೀಕ್ಷೆಯಲ್ಲಿ ಬರೆದವರಿದ್ದಾರೆ. ನಿಜ ನೋಡಿದರೆ ನಮ್ಮ ದಕ್ಷಿಣದ ಈ ಜನ ಕಬ್ಬಿಣ ಕಾಯಿಸಿ ಬಡಿದವರು. ಇವರ ಗೋರಿಗಳಲ್ಲಿ ಕಬ್ಬಿಣದ ಸಾಮಾನು, ಕಪ್ಪು-ಕೆಂಪು ಗಡಿಗೆ ಸಿಗುತ್ತವೆ. ಹೆಸರಿನಲ್ಲಿ ಕಲ್ಲು ಕೂತಿದ್ದಕ್ಕೆ ಕಬ್ಬಿಣ ಮರೆಯಾಯಿತು. ಸತ್ತವರಿಗೆ ನಿಲ್ಲಿಸಿದ ಕಲ್ಲಿನಿಂದ ಬದುಕಿದ್ದವರಿಗೆ ಹೆಸರಿಟ್ಟಿದ್ದೇವೆ.

‘ಸಮಾಧಿ’ ಎಂದು ಬರೆದರೆ? ವಿಭೂತಿಹಳ್ಳಿಯಲ್ಲಿ ಗುಂಡುಗಳು ಬಯಲ ಮೇಲೆ ಸಾಲು ಸಾಲಾಗಿ ಇವೆ. ಒಂದು ಸಾಲಿನ ಗುಂಡು ಮುಂದಿನ ಸಾಲಿನ ಎರಡು ಗುಂಡುಗಳ ನಟ್ಟನಡುವಿಗೆ ಬರುತ್ತದೆ, ಹೀಗಾಗಿ ಓರೆಯಾಗಿ ನೋಡಿದರೂ ಸಾಲೇ. ಸಮಾಧಿ ಎಂದೊಡನೆ ಮಕ್ಕಳು ಹೆಣ ಹುಡುಕುತ್ತಾರೆ, ಸಾಲು ನೋಡುವುದಿಲ್ಲ. ಎನ್. ಕಾಮೇಶ್ವರ ರಾವ್ ಎಂಬ ಖಗೋಳವಿಜ್ಞಾನಿ 2005ರಲ್ಲಿ ಬರೆದ ಲೇಖನದಲ್ಲಿ ಈ ಸಾಲುಗಳನ್ನು ಸೂರ್ಯ ತಿರುಗುವ ದಿನಗಳ ಹುಟ್ಟು-ಮುಳುಗಿನ ದಿಕ್ಕಿಗೆ ಹೊಂದಿಸಿ ನೋಡಿದ್ದಾರೆ. ಹಾಗಾದರೆ ‘ಪಂಚಾಂಗ’ ಎನ್ನಲೇ? ಎಂದರೆ ಮಕ್ಕಳು ಬರೀ ಆಕಾಶ ನೋಡುತ್ತಾರೆ.

ಆ ಜಾಗ ಖಾಲಿ ಬಿಟ್ಟು ದೀಪ ಆರಿಸಿದೆ.

ಸುರಪುರ, 5 ಜನವರಿ, ಭಾನುವಾರ

ಅತ್ತೆಯ ಮನೆ. ಸಂಜೆ ಟೇಲರ್ ಮಂಜಿಲ್ ಕಡೆ ಹೋದೆ. ಗುಡ್ಡದ ಮೇಲಿನ ಆ ಬಂಗಲೆಯಿಂದ ಕೆಳಗಿನ ಊರು, ಕೋಟೆ, ಗುಂಡುಗಲ್ಲುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುವ ಹೊತ್ತು.

ಮೆಡೋಸ್ ಟೇಲರ್ ಇಲ್ಲಿ 1841ರಿಂದ 1853ರವರೆಗೆ ಬ್ರಿಟಿಷರ ಏಜೆಂಟನಾಗಿ ಇದ್ದ. ಮಂದಿ ಅವನನ್ನು ‘ಮಹಾದೇವ ಬಾಬಾ’ ಎಂದರು. ಎಳೆಯ ರಾಜ ವೆಂಕಟಪ್ಪ ನಾಯಕ ‘ಅಪ್ಪಾ’ ಎನ್ನುತ್ತಿದ್ದ. ಲಿವರ್‌ಪೂಲಿನಲ್ಲಿ ಹುಟ್ಟಿ ಹದಿನೈದರ ವಯಸ್ಸಿಗೆ ಈ ದೇಶಕ್ಕೆ ಬಂದವನನ್ನು ಊರು ತನ್ನಲ್ಲಿದ್ದ ಎರಡು ಮಾತಿನಿಂದ ಒಳಗೆ ಕರೆದುಕೊಂಡಿತು. ಏಜೆಂಟ ಎನ್ನುವ ಪದ ಊರಿಗೆ ಏನು ಹೇಳೀತು? ಬಾಬಾ ಎಂದರೆ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತು.

ಅವನೂ ಹಾಗೇ ಮಾಡಿದ. ಈ ಸೀಮೆಯಲ್ಲಿ ಕಂಡ ಕಲ್ಮನೆ, ಕಲ್ಲುವೃತ್ತ, ಕಲ್ಲುಸಾಲುಗಳ ಬಗ್ಗೆ ಬಹಳ ಶ್ರದ್ಧೆಯಿಂದ ಬರೆದ. ಇವುಗಳನ್ನು ಲೋಕಕ್ಕೆ ತೋರಿಸಿದವನೇ ಅವನು. ಆದರೆ ಲೇಖನಕ್ಕೆ ಹೆಸರಿಡುವಾಗ ಕೆಲ್ಟಿಕ್, ಡ್ರುಯಿಡ್, ಸಿಥಿಯನ್ ಎಂಬ ಮೂರು ಮಾತು ಇಟ್ಟ. ಐರ್ಲೆಂಡು, ಇಂಗ್ಲೆಂಡಿನ ಹೊಲಗಳಲ್ಲಿ ಇಂಥವೇ ಕಲ್ಲು ನಿಂತಿದ್ದವು, ಅವಕ್ಕೆ ಆ ಕಾಲದಲ್ಲಿ ಆ ಹೆಸರುಗಳಿದ್ದವು. ಶಹಾಪುರದ ಬಯಲಲ್ಲಿ ನಿಂತಾಗ ಅವನ ಕಣ್ಣಿಗೆ ತನ್ನೂರಿನ ಡ್ರುಯಿಡ್ ಪೂಜಾರಿಗಳು ಬಂದರು. ನಾನು ಅವನನ್ನು ತಪ್ಪು ಎನ್ನಲಾರೆ. ಇಂಗ್ಲೆಂಡಿನ ಕಲ್ಲುಗಳ ಹೆಸರು ಅವನಲ್ಲಿ ಮೊದಲೇ ಇದ್ದುದರಿಂದಲೇ ಅಲ್ಲವೇ ಈ ಕಲ್ಲುಗಳ ಮುಂದೆ ಕುದುರೆ ನಿಲ್ಲಿಸಿದ್ದು? ನಮ್ಮವರು ಸಾವಿರಾರು ವರ್ಷ ಅವುಗಳ ನಡುವೆ ದನ ಹೊಡೆದುಕೊಂಡು ಹೋದರು. ಹೆಸರೇ ಅವನನ್ನು ಕಲ್ಲಿನ ತನಕ ತಂದಿತು. ಆ ಹೆಸರೇ ಮುಂದಕ್ಕೆ ಬಿಡಲಿಲ್ಲ.

ನಮ್ಮವರು ಏನೂ ಅನ್ನದೆ ಹೋದರು ಎಂದೂ ಅಲ್ಲ. ಅವರೂ ಒಂದು ಹೆಸರಿಟ್ಟಿದ್ದರು: ಮೋರ್ಯರ ಮನೆ. ಅದನ್ನೂ ಟೇಲರ್ ಬರೆದಿಟ್ಟಿದ್ದಾನೆ. ಆ ಮನೆಗಳನ್ನು ನೋಡಲು ಮುಂದಿನ ಭಾನುವಾರ ರಾಜನಕೋಳೂರಿಗೆ ಹೋಗಬೇಕು.

ಅತ್ತೆಯ ಮನೆಯಲ್ಲಿ ರಾತ್ರಿ ವೆಂಕಟಪ್ಪ ನಾಯಕನ ಮಾತು ಬಂತು. 1858ರಲ್ಲಿ ಅವನು ಎದ್ದದ್ದನ್ನು ಆಗಿನ ಸರಕಾರದ ಕಾಗದ ‘ದಂಗೆ’ ಎಂದಿತು. ಈಗ ನಮ್ಮ ಪಠ್ಯ ‘ಸ್ವಾತಂತ್ರ್ಯ ಸಂಗ್ರಾಮ’ ಎನ್ನುತ್ತದೆ. ಸೆರೆಯಲ್ಲಿ ಒಯ್ಯುವಾಗ ಗುಂಡು ತಗುಲಿ ಸತ್ತ. ರಾಜನ ಕೈಯಿಂದಲೇ ಆದದ್ದು ಎಂಬಂತೆ ಟೇಲರ್ ಬರೆದ, ಅತ್ತೆ ‘ಕೊಂದ್ರು’ ಎನ್ನುತ್ತಾಳೆ. ಆ ಎರಡು ಮಾತಿನ ನಡುವೆ ಒಬ್ಬ ಹುಡುಗ ಬಿದ್ದಿದ್ದಾನೆ. ಇಪ್ಪತ್ತರ ಆಸುಪಾಸಿನವನು, ಒಬ್ಬ ಪರದೇಶಿಯನ್ನು ಅಪ್ಪಾ ಎಂದು ಕರೆದವನು. ಅವನ ಮುಖ ನೋಡಲು ಎರಡೂ ಪದಗಳನ್ನು ಸ್ವಲ್ಪ ಹೊತ್ತು ಬದಿಗಿಡಬೇಕಾಗುತ್ತದೆ. ಎರಡನ್ನೂ ಬದಿಗಿಟ್ಟರೆ ಹೇಳಲು ನನ್ನಲ್ಲಿ ಮಾತೇ ಇಲ್ಲ.

ಶಹಾಪುರ, 8 ಜನವರಿ, ಬುಧವಾರ

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಹಾಜರಿ ತುಂಬುವ ಕೆಲಸ. ನಮ್ಮ ತರಗತಿಯ ಒಬ್ಬ ಹುಡುಗಿ ದೀಪಾವಳಿಯ ಮುಂದೆ ತಂದೆತಾಯಿಯ ಜೊತೆ ಬೆಂಗಳೂರಿಗೆ ದುಡಿಯಲು ಹೋದವಳು ಬಂದಿಲ್ಲ. ಪರದೆಯ ಮೇಲೆ ಆಕೆಗೆ ಇಡಲು ಇರುವ ಹೆಸರು ‘ಶಾಲೆಯಿಂದ ಹೊರಗುಳಿದ ಮಗು’. ಗುಳೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಗುಳೆ ಎಂದರೆ ಮನೆಮಂದಿಯೆಲ್ಲ ಹೋಗುವುದು, ಬಾಗಿಲಿಗೆ ಮುಳ್ಳು ಬಡಿದು ಹೋಗುವುದು, ಮುಂಗಾರಿಗೆ ತಿರುಗಿ ಬರುವುದು. ಆ ತಿರುಗಿ ಬರುವುದು ಆ ಪದದ ಹೊಟ್ಟೆಯಲ್ಲೇ ಇದೆ. ‘ಹೊರಗುಳಿದ’ ಎನ್ನುವುದರಲ್ಲಿ ಬರುವ ದಾರಿಯೇ ಇಲ್ಲ.

ನಮಗೆ ಇದು ಹೊಸದೂ ಅಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ನಮ್ಮ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿವೆ. ಆ ಪದದಿಂದ ದುಡ್ಡು ಬಂತು. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂದು ನನ್ನ ಎಷ್ಟೋ ಮಕ್ಕಳಿಗೆ ಸೀಟು, ನೌಕರಿ ಸಿಕ್ಕಿತು. ಆ ಪದ ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಹೋದ ವರ್ಷ ಪ್ರಬಂಧದಲ್ಲಿ ಒಬ್ಬ ಹುಡುಗ ‘ನಾವು ಹಿಂದುಳಿದವರು, ಆದ್ದರಿಂದ ನಮಗೆ ಗಣಿತ ಬರುವುದಿಲ್ಲ’ ಎಂದು ಬರೆದಿದ್ದ. ಹಾಳೆ ಇನ್ನೂ ನನ್ನ ಹತ್ತಿರ ಇದೆ. ತಾಲ್ಲೂಕಿನ ಮೇಲೆ ಬರೆದ ಪದ ಇಳಿದು ಇಳಿದು ಹುಡುಗನ ತಲೆಯ ಮೇಲೆ ಕೂತಿತ್ತು.

ಹಿಂದುಳಿ, ಹೊರಗುಳಿ. ಎರಡರಲ್ಲೂ ಇರುವುದು ಉಳಿ. ಬೆಳೆ ಉಳಿಯಿತು, ಜೀವ ಉಳಿಯಿತು ಎನ್ನುವಾಗ ಇದೇ ಮಾತು ಎಷ್ಟು ಗಟ್ಟಿ.

ಹುಣಸಗಿ, 12 ಜನವರಿ, ಭಾನುವಾರ

ತಮ್ಮನ ಗಾಡಿಯ ಮೇಲೆ ದಿನವೆಲ್ಲ ಸುತ್ತಿ ಸೋದರಮಾವನ ಮನೆಯಲ್ಲಿ ಉಳಿದಿದ್ದೇವೆ. ಕಂಡದ್ದೆಲ್ಲ ಬಿಸಿ ಆರುವ ಮೊದಲು ಬರೆಯಬೇಕು.

ರಾಜನಕೋಳೂರು. ನಾಲ್ಕು ಬದಿ ಬಂಡೆಯ ಚಪ್ಪಡಿ, ಮೇಲೆ ಒಂದು ದೊಡ್ಡ ಚಪ್ಪಡಿ. ಕೆಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ತಲೆ ಹಿಡಿಸದಷ್ಟು ಸಣ್ಣದು. ಕುರಿ ಬಿಟ್ಟುಕೊಂಡು ಒಬ್ಬ ಮುದುಕ ನೆರಳಿಗೆ ಕೂತಿದ್ದ.

‘ಮೋರ್ಯಾರು ಅಂದ್ರ ಯಾರು, ಯಜಮಾನ?’

‘ನಮಗಿಂತ ಮೊದ್ಲಿನ ಮಂದಿ, ಯವ್ವಾ.’

‘ಎಷ್ಟೆತ್ತರ ಇದ್ರು?’

‘ಮೂರು ಗೇಣು. ಈ ಕಿಂಡ್ಯಾಗ ಹೋಗಬೇಕು, ಈ ಕಿಂಡ್ಯಾಗ ಬರಬೇಕು. ಎಷ್ಟಿರ್ತಾರ, ನೀವೇ ಹೇಳ್ರಿ.’

ಮೂರು ಗೇಣಿನ ಮಾತು ಟೇಲರನೂ ಕೇಳಿ ಬರೆದಿದ್ದ. ನೂರೆಪ್ಪತ್ತು ವರ್ಷದಿಂದ ಆ ಅಳತೆ ಒಂದು ಬೆರಳೂ ಬದಲಾಗಿಲ್ಲ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುದುಕನ ತರ್ಕ. ಅದರಲ್ಲಿ ಎಲ್ಲಿಯೂ ಬಿರುಕಿಲ್ಲ. ಇದು ಮನೆ, ಮನೆಗೆ ಬಾಗಿಲು ಇರಲೇಬೇಕು, ಇರುವ ತೂತು ಇದೊಂದೇ, ಆದ್ದರಿಂದ ಇದೇ ಬಾಗಿಲು, ಬಾಗಿಲು ಇಷ್ಟಾದರೆ ಆಳು ಇಷ್ಟು, ಇಷ್ಟು ಸಣ್ಣ ಆಳು ಇಂಥ ಬಂಡೆ ಎತ್ತಬೇಕಾದರೆ ರಾಕ್ಷಸಬಲ ಇರಲೇಬೇಕು. ಮೊದಲ ಮೆಟ್ಟಿಲಲ್ಲಿ ‘ಮನೆ’ ಎಂಬ ಒಂದು ಪದ ಇಟ್ಟದ್ದಕ್ಕೆ ಕೊನೆಯಲ್ಲಿ ಒಂದು ಕುಲವೇ ಹುಟ್ಟಿತು. ಆ ಪದ ತೆಗೆದು ‘ಗೋರಿ’ ಎಂದು ಇಡಿ, ಅದೇ ಕಿಂಡಿ ಸತ್ತವರಿಗೆ ಅನ್ನ ನೀರು ಇಡುವ ದಾರಿ ಆಗುತ್ತದೆ, ಮೋರ್ಯರು ನಮ್ಮ ಎತ್ತರಕ್ಕೆ ಬೆಳೆದುಬಿಡುತ್ತಾರೆ. ಕಲ್ಲು ಒಂದಿಷ್ಟೂ ಸರಿದಿಲ್ಲ.

ಮುದುಕನಿಗೆ ಗೋರಿ ಇರಬಹುದು ಎಂದೆ. ತುಸು ಹೊತ್ತು ಯೋಚಿಸಿ ‘ಸತ್ತೋರಿಗೂ ಮನೀನ ಕಟ್ಟತಾರಲ್ಲವ್ವ’ ಎಂದ. ಅದಕ್ಕೆ ನಾನು ಎದುರು ಏನೂ ಹೇಳಲಿಲ್ಲ.

ಅಲ್ಲಿಂದ ಬೂದಿಹಾಳ. ಹೊಲದ ನಡುವಿನ ಬೂದಿಯ ದಿಬ್ಬ ತುಳಿದರೆ ಕಾಲಡಿ ಹಗುರ ಪುಡಿ, ಅಲ್ಲಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ಬಳ್ಳಾರಿಯಿಂದ ನಮ್ಮವರೆಗೂ ಇರುವ ಇಂಥ ದಿಬ್ಬಗಳಿಗೆ ಹಿಂದಿನ ಪಂಡಿತರು ಏನೇನೋ ಹೆಸರಿಟ್ಟರು. ಜ್ವಾಲಾಮುಖಿ ಎಂದರು, ಕಬ್ಬಿಣ ಕರಗಿಸಿದ ಕಿಟ್ಟ ಎಂದರು, ಹೆಣ ಸುಟ್ಟ ಜಾಗ ಎಂದರು. ಸಗಣಿಯ ಬೂದಿ ಎಂದು ಗಟ್ಟಿಯಾಗಿ ಗೊತ್ತಾಗಲು ನೂರು ವರ್ಷ ಹಿಡಿಯಿತು. ಆಲ್ಚಿನ್ ಅವರ ಪುಸ್ತಕ ಬಂದದ್ದು 1963ರಲ್ಲಿ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇಲ್ಲಿ ಅಗೆದು ಹೊಸ ಶಿಲಾಯುಗದ ದನದ ದೊಡ್ಡಿ, ಅದರ ಪಕ್ಕದ ವಸತಿ, ದನ ಕಡಿದು ಹಸನು ಮಾಡಿದ ಜಾಗ ಎಲ್ಲ ತೋರಿಸಿಕೊಟ್ಟರು. ಊರಿನ ಹೆಸರು ಮಾತ್ರ ಮೊದಲಿನಿಂದಲೂ ಬೂದಿಹಾಳವೇ. ರಾಜನಕೋಳೂರಿನಲ್ಲಿ ಹೆಸರು ದಾರಿ ತಪ್ಪಿಸಿತ್ತು. ಇಲ್ಲಿ ಹೆಸರೇ ದಾರಿ ಕಾದಿಟ್ಟಿತ್ತು. ಎರಡೂ ಒಂದೇ ಹೋಬಳಿಯ ಮಂದಿ ಇಟ್ಟಂಥ ಹೆಸರುಗಳು, ಇಡುವಾಗ ಎರಡೂ ಅಷ್ಟೇ ಪ್ರಾಮಾಣಿಕ.

ಕೊನೆಗೆ ಇಸಾಂಪುರ. ಪದ್ದಯ್ಯನವರ ತಂಡ ಇಲ್ಲಿ ಅಗೆದದ್ದು ಒಂದು ಕಾರ್ಖಾನೆಯನ್ನು: ಸುಣ್ಣಕಲ್ಲಿನ ಹಾಸು ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಜಾಗ. ಸಿಕ್ಕ ಪ್ರಾಣಿಯ ಹಲ್ಲಿನಿಂದ ಲೆಕ್ಕ ಹಾಕಿದ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯನೇ ಇನ್ನೂ ಹುಟ್ಟಿರಲಿಲ್ಲ. ಆ ಹಳ್ಳದ ದಂಡೆಯಲ್ಲಿ ಹೊತ್ತು ಮುಳುಗುವವರೆಗೂ ಕೂತೆ. ಯಾವ ಕಲ್ಲು ಯಾವ ಮಗ್ಗುಲಿಗೆ ಹೊಡೆದರೆ ಹೇಗೆ ಸೀಳುತ್ತದೆಂದು ಅವರಿಗೆ ಗೊತ್ತಿತ್ತು, ಮಕ್ಕಳಿಗೆ ಕಲಿಸಿದ್ದರು. ಮಾತಿತ್ತೋ? ಪದವಿಲ್ಲದೆ ಅರಿವೇ ಇಲ್ಲ ಎಂದು ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ವಾದಿಸಿದ. ಎಂ.ಎ. ಓದುವಾಗ ನಾನದನ್ನು ಪೂರ್ತಿ ಒಪ್ಪಿದ್ದೆ. ಇವತ್ತು ಒಪ್ಪಲಾರೆ. ಅವ್ವ ನನಗೆ ರೊಟ್ಟಿ ಬಡಿಯುವುದನ್ನು ಮಾತಿನಲ್ಲಿ ಕಲಿಸಲಿಲ್ಲ. ‘ಕೈ ನೋಡು’ ಎಂದಳು, ಅಷ್ಟೆ. ಹಿಟ್ಟು ಎಷ್ಟು ನಾದಿದರೆ ಸಾಕು ಎಂಬುದಕ್ಕೆ ಅವಳಲ್ಲಿಯೂ ಪದವಿಲ್ಲ, ನನ್ನಲ್ಲಿಯೂ ಇಲ್ಲ, ರೊಟ್ಟಿ ಹರಿಯುವುದಿಲ್ಲ.

ಯಾದಗಿರಿ, 14 ಜನವರಿ, ಮಂಗಳವಾರ

ಸಂಕ್ರಮಣ. ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗುವವರಿಂದ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿಲ್ಲ, ಮೈಯೆಲ್ಲ ಭಂಡಾರ. ಕನ್ನಡ, ತೆಲುಗು, ಉರ್ದು ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದವು.

ಮನೆಯಲ್ಲಿ ತಮ್ಮ ತೊಗರಿ ಮಾರಿದ ಲೆಕ್ಕ ನಡೆದಿತ್ತು. ಕ್ವಿಂಟಲಿಗೆ ಏಳೂವರೆ ಸಾವಿರ, ಕಡೆಗೆ ಉಳಿದ ದೀಡ ಕ್ವಿಂಟಲಿಗೆ ಎಷ್ಟು? ಒಂಬತ್ತನೆಯ ತರಗತಿಯ ತಮ್ಮನ ಮಗ ಫೋನು ತೆಗೆದ. ಅವನ ಬೆರಳು ಮುಟ್ಟುವುದಕ್ಕೂ ಮೊದಲೇ ಅಪ್ಪ ಹಾಸಿಗೆಯಿಂದಲೇ ‘ಸಾಡೇಸಾತ್ ಡೇಢಾ, ಸವಾ ಗ್ಯಾರಾ’ ಎಂದರು. ಹನ್ನೊಂದು ಸಾವಿರದ ಇನ್ನೂರಾ ಐವತ್ತು. ಬರೋಬರ್.

ಅಪ್ಪನಿಗೆ 87. ಸುರಪುರದಲ್ಲಿ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಕಲಿತವರು. ಕಾಲು, ಮುಕ್ಕಾಲು, ಒಂದೂಕಾಲು, ಒಂದೂವರೆ ಪ್ರತಿಯೊಂದಕ್ಕೂ ಮಗ್ಗಿ ಕಂಠಪಾಠ. ನಮ್ಮ ಕಡೆಯ ಸಂತೆಯ ಕನ್ನಡದಲ್ಲೂ ಪಾವು, ಪಾವಣೆ, ಸವ್ವಾ, ದೀಡ, ಅಡೀಚ ಇನ್ನೂ ಜೀವಂತ. ನನ್ನ ಮಕ್ಕಳಿಗೆ ಒಂದೂವರೆ ಎಂದರೆ ಮೇಲೆ ಮೂರು, ಕೆಳಗೆ ಎರಡು, ನಡುವೆ ಗೆರೆ. ಅದನ್ನು ಕಂಡರೆ ಹೆದರುತ್ತಾರೆ. ಅಪ್ಪನಿಗೆ ದೀಡ ಎಂಬುದು ಮುರಿದ ಸಂಖ್ಯೆಯೇ ಅಲ್ಲ. ಎರಡು, ಮೂರು ಇದ್ದ ಹಾಗೆ ಅದೂ ಒಂದು ಇಡೀ ಸಂಖ್ಯೆ, ಹೆಸರು ಹಿಡಿದು ಕರೆದರೆ ಬರುತ್ತದೆ. ಹೆಸರು ಕೊಟ್ಟಲ್ಲಿ ಬುದ್ಧಿ ಕಾಲೂರಿ ಮುಂದೆ ಹೆಜ್ಜೆ ಇಡುತ್ತದೆ. ಸೋಮವಾರ ಗಣಿತದ ಸರ್ ಹತ್ತಿರ ಇದನ್ನು ಮಾತಾಡಬೇಕು. ಮಗ್ಗಿಯನ್ನು ಅಪ್ಪನ ಬಾಯಿಂದಲೇ ಬರೆದುಕೊಳ್ಳಬೇಕು, ಬೇಗ.

ಉರ್ದು ಶಾಲೆ ಹೇಗೆ ಮುಗಿಯಿತೆಂದು ಕೇಳಿದೆ. ನಿಜಾಮರ ಆಳ್ವಿಕೆ ಮುಗಿದ 1948ರ ಮಾತು ಬಂದರೆ ಅಪ್ಪ ಯಾವ ಭಾಷೆಯಲ್ಲೂ ಮಾತಾಡುವುದಿಲ್ಲ. ಗೋಡೆಯ ಕಡೆ ಹೊರಳಿದರು. ಅಲ್ಲಿ ಇರುವುದು ಪದಗಳ ಕೊರತೆಯಲ್ಲ.

ತಿಂಥಣಿ, 16 ಜನವರಿ, ಗುರುವಾರ

ಅವ್ವನ ಹರಕೆ ಇತ್ತು. ಕೃಷ್ಣೆಯಲ್ಲಿ ಮಿಂದು ಮೌನೇಶ್ವರನ ದರ್ಶನ. ಒಬ್ಬರು ಮೌನಪ್ಪ ಎನ್ನುತ್ತಾರೆ, ಮತ್ತೊಬ್ಬರು ಮೌನೋದ್ದೀನ್ ಎನ್ನುತ್ತಾರೆ, ಜೈಕಾರವೇ ಹಿಂದುಸ್ತಾನಿಯಲ್ಲಿ. ಎರಡೂ ಹೆಸರಿನ ಒಳಗಿರುವುದು ಮೌನವೇ. ಅವ್ವ ಏನೂ ಕೇಳಿಕೊಳ್ಳದೆ ಬಹಳ ಹೊತ್ತು ನಿಂತಿದ್ದಳು.

ಶಹಾಪುರ, 19 ಜನವರಿ, ಭಾನುವಾರ

ಮಕ್ಕಳಿಗೆ ಕೊಡುವ ಟಿಪ್ಪಣಿ ಇನ್ನೂ ಆಗಿಲ್ಲ. ಸನ್ನತಿಗೆ ಹೋಗಿ ಬಂದೆ. ಭೀಮೆಯ ಆಚೆ, ಚಿತ್ತಾಪುರ ತಾಲ್ಲೂಕು.

1986ರಲ್ಲಿ ಅಲ್ಲಿನ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಸೂರು ಕುಸಿಯಿತು. ವಿಗ್ರಹದ ಬುಡದಲ್ಲಿದ್ದ ಪೀಠದ ಕಲ್ಲು ನೋಡಿದರೆ ಎರಡೂ ಬದಿ ಬರಹ. ಅಶೋಕನ ಶಾಸನ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ವಿಗ್ರಹ ಕೂರಿಸಲು ಅಕ್ಷರಗಳ ನಡುವೆಯೇ ಗುಳಿ ಕೊರೆದಿದ್ದರು. ಒಂದು ಬದಿಯಲ್ಲಿರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನ. ಹನ್ನೆರಡನೆಯದು ಹೇಳುವುದೇ ಮಾತಿನ ಹಿಡಿತದ ಬಗ್ಗೆ: ತನ್ನ ಪಂಥವನ್ನು ಹೊಗಳುವಾಗ, ಇನ್ನೊಬ್ಬರದನ್ನು ತೆಗಳುವಾಗ ನಾಲಗೆ ಕಾಯ್ದುಕೊಳ್ಳಬೇಕು ಎಂದು. ಆ ಮಾತಿನ ಮೇಲೆ ದೇವಿ ಕೂತಿದ್ದಳು, ಜನ ಕುಂಕುಮ ಹಚ್ಚಿದರು. ಓದಲು ಬಾರದ ಅಕ್ಷರ ಬರೀ ಕಲ್ಲು. ಅದೂ ಒಂದು ಬಗೆಯ ಉಳಿಯುವಿಕೆ. ಪೀಠವಾಗದಿದ್ದರೆ ಆ ಕಲ್ಲು ಯಾವ ಗೋಡೆಗೆ ಹೋಗುತ್ತಿತ್ತೋ.

ಪಕ್ಕದ ಕನಗನಹಳ್ಳಿಯಲ್ಲಿ ಇದರ ತಿರುವು. ಸ್ತೂಪದ ಒಂದು ಚಪ್ಪಡಿಯ ಮೇಲೆ ರಾಜ, ರಾಣಿ, ಚಾಮರ ಕೊಡೆ ಹಿಡಿದ ಹೆಂಗಸರು. ಅಂಥ ರಾಜರು ಎಷ್ಟು ಶಿಲ್ಪದಲ್ಲಿಲ್ಲ? ಆದರೆ ಮೇಲೆ ಬ್ರಾಹ್ಮಿಯಲ್ಲಿ ಎರಡು ಪದ ಕೊರೆದಿದೆ, ‘ರಾಯ ಅಸೋಕ’ ಎಂದು. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜ. ಇರುವುದರಿಂದ ಪ್ರಪಂಚವೇ ಬಂದು ಅವನ ಮುಖ ನೋಡುತ್ತದೆ. ನಾನೂ ನೋಡಿದೆ, ಬಹಳ ಹೊತ್ತು. ಎದ್ದು ಬರುವಾಗ, ಚಾಮರ ಹಿಡಿದವಳ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಬರಲಿಲ್ಲ. ಅವಳಿಗೆ ಅಕ್ಷರವಿರಲಿಲ್ಲ.

ರಾತ್ರಿ ಟಿಪ್ಪಣಿ ಮುಗಿಸಿದೆ. ಮೋರ್ಯರ ಮಾತು, ಟೇಲರನ ಮಾತು, ಕಬ್ಬಿಣದ ಮಾತು, ಸೂರ್ಯನ ಮಾತು ನಾಲ್ಕನ್ನೂ ಬರೆದೆ; ಯಾವುದು ಯಾರು ಯಾಕೆ ಹೇಳಿದರು ಎಂಬುದನ್ನೂ ಬರೆದೆ. ಮೊದಲ ವಾಕ್ಯದಲ್ಲಿ ಖಾಲಿ ಬಿಟ್ಟ ಜಾಗವನ್ನು ಖಾಲಿಯೇ ಬಿಟ್ಟು, ಕೆಳಗೆ ಒಂದು ಸಾಲು: ‘ಮೊದಲು ಸಾಲುಗಳ ನಡುವೆ ನಡೆ. ಆಮೇಲೆ ಇಲ್ಲಿ ಬರೆ.’

ಶಹಾಪುರ, 24 ಜನವರಿ, ಶುಕ್ರವಾರ

ಬೆಂಗಳೂರಿಗೆ ಹೋದ ಹುಡುಗಿ ಮಲ್ಲಯ್ಯನ ಜಾತ್ರೆಗೆ ಬಂದವಳು ಇನ್ನೂ ಊರಲ್ಲೇ ಇದ್ದಾಳೆ, ಇವತ್ತು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನಿಂತಿದ್ದಳು. ಅಮಾಸಿ ಮುಗಿದ ಮೇಲೆ ಮತ್ತೆ ಹೋಗುತ್ತಾರಂತೆ. ಹಾಳೆ ಕೊಟ್ಟು ಕರೆದುಕೊಂಡೆ.

ವಿಭೂತಿಹಳ್ಳಿಯಲ್ಲಿ ಹುಡುಗರು ಗುಂಡಿನಿಂದ ಗುಂಡಿಗೆ ಓಡಿದರು. ಇಬ್ಬರು ಹೆಣ ಕೇಳಿದರು. ಒಬ್ಬ ಮೂರು ಗೇಣಿನ ಮೋರ್ಯನಂತೆ ಕುಕ್ಕರಗಾಲಲ್ಲಿ ನಡೆದ. ಅವಳು ಮಾತ್ರ ಒಂದು ಸಾಲಿನ ತುದಿಯಲ್ಲಿ ನಿಂತು ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ಓರೆಯಾಗಿ ನೋಡಿದಳು.

‘ಟೀಚರ್ರೀ, ಇಲ್ಲಿ ಭಾಳ ಮಂದಿ ಬಂದು ಇಳಿದಿದ್ರು.’

‘ಹ್ಯಾಂಗ ಹೇಳ್ತಿ?’

‘ಬೆಂಗಳೂರಾಗ ನಮ್ಮ ಶೆಡ್ಡು ಹಿಂಗೇ ಅದಾವ್ರೀ. ಒಂದರ ಮುಂದೊಂದು ಬರಂಗಿಲ್ಲ, ನಡಕ ನಡಕ ಬರ್ತಾವ. ಹಂಗ ಹಾಕಿದ್ರ ಎಲ್ಲಾರ ಬಾಗಲಕ್ಕೂ ಗಾಳಿ ಬರ್ತದ. ಒಂದೊಂದು ಮನೀಗೆ ಒಂದೊಂದು ನಂಬರ ಬರದಾರ.’

ಶೆಡ್ಡು ನಿಲ್ಲಿಸಲು ಇಷ್ಟು ದೊಡ್ಡ ಗುಂಡು ಯಾರೂ ತರುವುದಿಲ್ಲ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಆಡಲಿಲ್ಲ. ಮೂರು ವಾರದಿಂದ ನಾನು ಓದಿದ ಯಾರೂ ಆ ಓರೆಸಾಲಿನ ನಡುವೆ ಗಾಳಿ ಹಾಯಿಸಿರಲಿಲ್ಲ.

‘ಎಣಿಸಲೇನ್ರೀ?’ ಎಂದಳು. ಎಣಿಸು ಎಂದೆ. ಒಂದೊಂದೇ ಗುಂಡು ಮುಟ್ಟಿ ಹೊರಟಳು, ನಾನು ಹಿಂದೆ. ಅಲ್ಲಲ್ಲಿ ಗುಂಡುಗಳು ಇಲ್ಲ. ಯಾವ ಕಾಲದಲ್ಲಿ ಯಾರು ಒಡೆದು ಒಯ್ದರೋ. ಅಂಥ ಮೊದಲ ತೆರಪು ಬಂದಾಗ ಅವಳು ನಿಂತು, ಖಾಲಿ ನೆಲಕ್ಕೆ ಅಂಗೈ ಇಟ್ಟು ‘ಏಳು’ ಎಂದಳು.

‘ಅಲ್ಲಿ ಕಲ್ಲಿಲ್ಲಲ್ಲವ್ವ.’

‘ಇವ್ರು ಗುಳೆ ಹೋಗ್ಯಾರ್ರೀ. ಬಿಟ್ಟು ಎಣಿಸಿದ್ರ ಬಂದಾಗ ಇವ್ರಿಗೆ ನಂಬರ ಎಲ್ಲಿಂದ ಕೊಡೋದು?’

ಎದ್ದು ಮುಂದಿನ ಗುಂಡಿನ ಮೇಲೆ ಕೈ ಇಟ್ಟು, ಎಂಟು ಎಂದಳು.